ಮನೆಯಲ್ಲಿ ತಯಾರಿಸುವ ಎಲ್‌ಇಡಿ ದೀಪ

ಮನೆಯಲ್ಲಿ ತಯಾರಿಸುವ ಎಲ್‌ಇಡಿ ದೀಪವು ಬೆಳಕು ಸೂಸುವ ಡಯೋಡ್ (ಎಲ್‌ಇಡಿ), ರೋಧಕ ಮತ್ತು ಬ್ಯಾಟರಿಗಳನ್ನು ಜೋಡಿಸಿ ರೂಪಿಸುವ ಅಲ್ಪ ವಿದ್ಯುತ್ತಿನ ದೀಪವಾಗಿದೆ. ವಿದ್ಯುತ್ ಕಡಿತವಾದಾಗ ಓದು, ಅಡುಗೆ ಮುಂತಾದ ಕೆಲಸಗಳಿಗೆ ಇದು ಉಪಯುಕ್ತ. ಇದರ ಬಾಳಿಕೆಯು ಬ್ಯಾಟರಿಯನ್ನು ಚಾರ್ಜ್ ಮಾಡುವ ಕ್ರಮವನ್ನೂ ಅವಲಂಬಿಸಿದೆ.

ಹಿನ್ನೆಲೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಜಲವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪಗಳು ಬೆಳಗಿದವು. ಆದರೆ ಹಳ್ಳಿಗಳು ಬಹುಕಾಲ ಚಿಮಣಿ, ಕಂದೀಲುಗಳನ್ನೇ ನೆಚ್ಚಿದ್ದವು. ಮುಂದೆ ಭಾಗ್ಯಜ್ಯೋತಿ ಯೋಜನೆಯು ಬಡ ಕುಟುಂಬಗಳಿಗೆ ದೀಪದ ಸಂಪರ್ಕ ಒದಗಿಸಿತು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಗ್ರಾಮೀಣ ಮನೆಗಳಿಗೆ ಸೌರದೀಪಗಳನ್ನು ತಲುಪಿಸಿತು. ಅದರ ಸಹಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಬಿಳಿ ಎಲ್‌ಇಡಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಯ ಶೋಧಕ್ಕೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿದೆ.

ರಚನೆ

ಒಂದು ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕು. ಸಣ್ಣ ಎಲ್‌ಇಡಿಗಳಲ್ಲಿ ಪ್ರವಾಹವು ಸಾಮಾನ್ಯವಾಗಿ 20 ಮಿಲಿಆಂಪಿಯರ್ ಮೀರಬಾರದು. ಮೂರು ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿದರೆ 9.6 ವೋಲ್ಟ್ ಆಗುತ್ತದೆ. 12 ವೋಲ್ಟ್ ಬ್ಯಾಟರಿಯಲ್ಲಿ ಉಳಿಯುವ 2.4 ವೋಲ್ಟನ್ನು 120 ಓಮ್ ರೋಧಕವು ತಡೆಯುತ್ತದೆ.

ಈ ಲೆಕ್ಕವು ಬ್ಯಾಟರಿ ಸದಾ 12 ವೋಲ್ಟ್‌ನಲ್ಲಿಯೇ ಇರುತ್ತದೆ ಎಂದು ಭಾವಿಸುತ್ತದೆ. ಚಾರ್ಜ್ ಆಗುವಾಗ ಅದು 14.4 ವೋಲ್ಟ್‌ವರೆಗೆ ಏರುತ್ತದೆ. ಆಗ ದೀಪ ಉರಿಯುತ್ತಿದ್ದರೆ ಪ್ರವಾಹವು 40 ಮಿಲಿಆಂಪಿಯರ್‌ಗೆ, ಅಂದರೆ ಇಮ್ಮಡಿಗೆ ಏರಿ ಎಲ್‌ಇಡಿ ಸುಟ್ಟುಹೋಗಬಹುದು. ಆದ್ದರಿಂದ ರೋಧಕವನ್ನು ಗರಿಷ್ಠ ವೋಲ್ಟೇಜಿಗೆ ತಕ್ಕಂತೆ, ಇಲ್ಲಿ 240 ಓಮ್ ಆಗಿ, ಆರಿಸಬೇಕು. ಇದರಿಂದ ಬ್ಯಾಟರಿ ಇಳಿದಂತೆ ಬೆಳಕು ಮಂದವಾಗುತ್ತದೆ. ಸ್ಥಿರ ಪ್ರವಾಹ ನೀಡುವ ಮಂಡಲವು ಈ ಕೊರತೆಯನ್ನು ನೀಗಿಸುತ್ತದೆ.

ಬ್ಯಾಟರಿ ಚಾರ್ಜಿಂಗ್

ಸೀಸ-ಆಮ್ಲ ಬ್ಯಾಟರಿಯನ್ನು 10.5 ವೋಲ್ಟ್‌ಗಿಂತ ಕೆಳಗೆ ಇಳಿಸಬಾರದು. 7 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯನ್ನು ಸುಮಾರು 0.7 ಆಂಪಿಯರ್ ಪ್ರವಾಹದಲ್ಲಿ ತುಂಬಿಸುವುದು ವಾಡಿಕೆ. ತಲಾ ಮೂರು ಎಲ್‌ಇಡಿಗಳಿರುವ ಹತ್ತು ಸರಣಿಗಳು 0.2 ಆಂಪಿಯರ್ ಬಳಸಿದರೆ, ಅರ್ಧ ಸಾಮರ್ಥ್ಯದಲ್ಲಿಯೇ ದೀಪವು ಸುಮಾರು 17 ಗಂಟೆ ಉರಿಯುತ್ತದೆ. ಸೌರಫಲಕ ಬಳಸುವಾಗ ರಾತ್ರಿ ಪ್ರವಾಹ ಹಿಂದಕ್ಕೆ ಹರಿಯದಂತೆ ಡಯೋಡ್ ಅಳವಡಿಸಬೇಕು.

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾವರಗೇರಾ ಸುತ್ತಲಿನ ಒಣಪ್ರದೇಶದಲ್ಲಿ ಬಿಸಿಲು ಹೇರಳವಾಗಿದ್ದು ಸೌರಫಲಕಕ್ಕೆ ಅನುಕೂಲಕರವಾಗಿದೆ. ಆದರೆ ಇಂತಹ ಬಿಸಿಲೇ ಬ್ಯಾಟರಿಗೆ ಹಾನಿಕರ. ಬ್ಯಾಟರಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಚಾರ್ಜಿಂಗ್ ಮಿತಿಯನ್ನು 14.4ರಿಂದ ಸುಮಾರು 14 ವೋಲ್ಟ್‌ಗೆ ಇಳಿಸಬೇಕು. ಫಲಕವು ಬಿಸಿಲಿನಲ್ಲಿದ್ದರೂ ಬ್ಯಾಟರಿಯನ್ನು ನೆರಳಿನಲ್ಲಿಡಬೇಕು.

ಸುರಕ್ಷತೆ

ಚಾರ್ಜ್ ಆಗುವಾಗ ಸೀಸ-ಆಮ್ಲ ಬ್ಯಾಟರಿಯಿಂದ ದಹನಶೀಲ ಜಲಜನಕ ಹೊರಬೀಳಬಹುದು. ಆದ್ದರಿಂದ ಗಾಳಿಯಾಡುವ ಜಾಗ ಅಗತ್ಯ. ಬ್ಯಾಟರಿಯ ಧನಾಗ್ರದ ಸಮೀಪ ಫ್ಯೂಸ್ ಇರಬೇಕು. ಲಿಥಿಯಂ-ಅಯಾನ್ ಕೋಶವನ್ನು ಸಾಮಾನ್ಯವಾಗಿ 4.2 ವೋಲ್ಟ್‌ಗಿಂತ ಮೇಲೆ ಚಾರ್ಜ್ ಮಾಡಿದರೆ ಬೆಂಕಿ ಹತ್ತುವ ಅಪಾಯವಿದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟ್ ಮನೆವಿದ್ಯುತ್ತಿಗೆ ನೇರವಾಗಿ ಜೋಡಿಸುವ ಸರಳ ಮಂಡಲಗಳಲ್ಲಿ ಎಲ್‌ಇಡಿಯ ತಂತಿಯನ್ನು ಮುಟ್ಟಿದರೂ ಪ್ರಾಣಾಪಾಯ ಸಂಭವಿಸಬಹುದು. ಕಲಿಯುವವರು ಬ್ಯಾಟರಿಯ ಮಂಡಲಗಳಿಂದಲೇ ಆರಂಭಿಸುವುದು ಸೂಕ್ತ. ಕೆಟ್ಟ ಬ್ಯಾಟರಿಯಲ್ಲಿರುವ ಸೀಸವು ವಿಷಕಾರಿಯಾದುದರಿಂದ ಅದನ್ನು ಒಡೆಯದೆ ಮಾರಾಟಗಾರರಿಗೆ ಹಿಂದಿರುಗಿಸಬೇಕು.