ಮೆಣಸಿನಕಾಯಿ: ಬೀಜದಿಂದ ಸಸಿ ಬೆಳೆಸುವ ವಿಧಾನ ಮತ್ತು ನಾಟಿ ಕ್ರಮಗಳು

ಪೀಠಿಕೆ

ಮೆಣಸಿನಕಾಯಿಯು ಕರ್ನಾಟಕದ ಪ್ರಮುಖ ಸಾಂಬಾರ ಹಾಗೂ ತರಕಾರಿ ಬೆಳೆಯಾಗಿದ್ದು, ಹಾವೇರಿ, ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ವಿಸ್ತಾರವಾಗಿ ಬೆಳೆಯಲ್ಪಡುತ್ತಿದೆ. ಇದರ ಮೂಲ ಅಮೆರಿಕ ಖಂಡ. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಅದುವರೆಗೆ ನಮ್ಮ ಅಡುಗೆಯ ಖಾರಕ್ಕೆ ಮಲೆನಾಡಿನ ಕರಿಮೆಣಸೇ ಮುಖ್ಯ ಆಧಾರವಾಗಿತ್ತು. ಹೊಸದಾಗಿ ಬಂದ ಕಾಯಿಗೂ ಆ ಬಳ್ಳಿಯ ಹೆಸರೇ ಅಂಟಿಕೊಂಡು 'ಮೆಣಸಿನಕಾಯಿ' ಆಯಿತು. ಕರಿಮೆಣಸನ್ನು ಸಾಮಾನ್ಯವಾಗಿ ಬಳ್ಳಿಯ ತುಂಡುಗಳಿಂದ ವೃದ್ಧಿ ಮಾಡಲಾಗುತ್ತದೆ. ಮೆಣಸಿನಕಾಯಿಯನ್ನು ಬೀಜದಿಂದಲೇ ಬೆಳೆಸಬೇಕು. ಈ ಲೇಖನವು ಎರಡನೆಯದಕ್ಕೆ ಸಂಬಂಧಿಸಿದ್ದಾಗಿದೆ.

ಬೆಳೆಯ ಒಟ್ಟು ಅವಧಿಯಲ್ಲಿ ಸಸಿ ಮಡಿಯ ಕಾಲ ಕೇವಲ 35 ರಿಂದ 45 ದಿನಗಳು. ಆದರೆ ಸಸಿ ಸಾಯುವ ರೋಗವು ಒಂದು ಮಡಿಯನ್ನು ಮೂರು ನಾಲ್ಕು ದಿನಗಳಲ್ಲಿ ಬರಿದು ಮಾಡಬಲ್ಲದು. ಆಗ ರೈತರು ಬೀಜದ ಹಣದ ಜೊತೆಗೆ ಮಳೆಯ ಹದವನ್ನೂ ಕಳೆದುಕೊಳ್ಳುತ್ತಾರೆ. ಮಡಿಯಲ್ಲಿಯೇ ನಂಜು ರೋಗ ತಗುಲಿದ ಸಸಿಯನ್ನು ಹೊಲದಲ್ಲಿ ಯಾವ ಔಷಧಿಯಿಂದಲೂ ಗುಣಪಡಿಸಲಾಗದು. ಆದುದರಿಂದ ಈ ಹಂತದಲ್ಲಿ ವಹಿಸುವ ಎಚ್ಚರಿಕೆಯು ಇಡೀ ಬೆಳೆಯ ಭವಿಷ್ಯವನ್ನು ನಿರ್ಧರಿಸುತ್ತದೆ.

ಹವಾಗುಣ ಮತ್ತು ಮಣ್ಣು

ಬೀಜ ಮೊಳೆಯಲು ಮಣ್ಣಿನ ಉಷ್ಣಾಂಶ 25 ರಿಂದ 30 ಡಿಗ್ರಿ ಸೆಲ್ಸಿಯಸ್ ಇರುವುದು ಸೂಕ್ತ. ಈ ಉಷ್ಣಾಂಶದಲ್ಲಿ 6 ರಿಂದ 10 ದಿನಗಳಲ್ಲಿ ಮೊಳಕೆ ಕಾಣಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದು. 15 ಡಿಗ್ರಿಗಿಂತ ಕಡಿಮೆಯಾದಲ್ಲಿ ಮೊಳೆಯುವಿಕೆ ಬಹುತೇಕ ಸ್ಥಗಿತಗೊಳ್ಳುತ್ತದೆ. ನೀರು ಬಸಿದು ಹೋಗುವ ಕೆಂಪು ಗೋಡು, ಮಧ್ಯಮ ಕಪ್ಪು ಹಾಗೂ ಎರೆ ಭೂಮಿಗಳು ಈ ಬೆಳೆಗೆ ಯೋಗ್ಯ. ನೀರು ನಿಲ್ಲುವ ಜಾಗ ಸಸಿ ಮಡಿಗೆ ಸಲ್ಲದು.

ತಳಿಗಳು

1. ಬ್ಯಾಡಗಿ ಕಡ್ಡಿ: ಉದ್ದನೆಯ, ಮೇಲ್ಮೈ ಸುಕ್ಕಾದ ಕಾಯಿ. ಖಾರ ಕಡಿಮೆ, ಗಾಢ ಕೆಂಪು ಬಣ್ಣ.
2. ಬ್ಯಾಡಗಿ ಡಬ್ಬಿ: ಗಿಡ್ಡ ಮತ್ತು ದಪ್ಪನೆಯ ಕಾಯಿ. ಬಣ್ಣಕ್ಕೆ ಹೆಸರುವಾಸಿ.
3. ಪೂಸಾ ಜ್ವಾಲಾ: ಉದ್ದ, ತೆಳು ಕಾಯಿ; ಖಾರ ಹೆಚ್ಚು.
4. ಅರ್ಕಾ ಲೋಹಿತ್ ಎಂಬ ತಳಿ ಹಾಗೂ ಅರ್ಕಾ ಮೇಘನಾ, ಅರ್ಕಾ ಹರಿತಾ, ಅರ್ಕಾ ಖ್ಯಾತಿ ಎಂಬ ಸಂಕರಣ ತಳಿಗಳು: ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬಿಡುಗಡೆಯಾದವು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸಾರವನ್ನು ಆಹಾರ ಹಾಗೂ ಸೌಂದರ್ಯವರ್ಧಕ ಉದ್ಯಮಗಳಲ್ಲಿ ಬಣ್ಣಕ್ಕಾಗಿ ಬಳಸುತ್ತಾರೆ.

ಬೀಜದ ಆಯ್ಕೆ

ಪ್ರಮಾಣಿತ ಬೀಜದಲ್ಲಿ ಕನಿಷ್ಠ ಶೇ. 60ರಷ್ಟು ಮೊಳಕೆ ಪ್ರಮಾಣ ಮತ್ತು ಶೇ. 98ರಷ್ಟು ಭೌತಿಕ ಶುದ್ಧತೆ ಇರತಕ್ಕದ್ದು. ತೇವಾಂಶ ಶೇ. 8ನ್ನು ಮೀರಬಾರದು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ ಇರುತ್ತದೆ. ಖರೀದಿಸುವಾಗ ಪರೀಕ್ಷೆಯ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ಓದಿ ನೋಡಬೇಕು. ರಸೀದಿ, ಚೀಟಿ, ಖಾಲಿ ಪೊಟ್ಟಣ ಹಾಗೂ ಸ್ವಲ್ಪ ಬೀಜವನ್ನು ಕೊಯ್ಲು ಮುಗಿಯುವವರೆಗೆ ಕಾಯ್ದಿರಿಸುವುದು ಅವಶ್ಯ. ಕಳಪೆ ಬೀಜದಿಂದ ನಷ್ಟಕ್ಕೊಳಗಾದ ರೈತರು ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೋರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪು ನೀಡಿದೆ. ಮೇಲ್ಕಂಡ ದಾಖಲೆಗಳಿಲ್ಲದೆ ಇಂತಹ ದೂರನ್ನು ಸಾಬೀತುಪಡಿಸುವುದು ಕಷ್ಟ.

ಸ್ವಂತ ಬೀಜ ಇಟ್ಟುಕೊಳ್ಳುವವರು ಗಮನಿಸಬೇಕಾದ ಅಂಶಗಳು:

- ಮೆಣಸಿನಕಾಯಿಯಲ್ಲಿ ಕೀಟಗಳಿಂದ ಪರಕೀಯ ಪರಾಗಸ್ಪರ್ಶವಾಗುವುದರಿಂದ ಪಕ್ಕದ ಹೊಲದ ಬೇರೆ ತಳಿಯೊಡನೆ ಬೆರಕೆಯಾಗುತ್ತದೆ. ಪ್ರಮಾಣಿತ ಬೀಜೋತ್ಪಾದನೆಗೆ ನಿಗದಿಪಡಿಸಿರುವ ಅಂತರ 200 ಮೀಟರ್.
- ಮುಟುರು ರೋಗ, ನಂಜು ರೋಗ ಮತ್ತು ಕಾಯಿ ಕೊಳೆ ರೋಗ ಇಲ್ಲದ ಗಿಡಗಳನ್ನು ಹೊಲದಲ್ಲಿಯೇ ಗುರುತಿಸಿ, ಪೂರ್ಣ ಕೆಂಪಾದ ಕಾಯಿಗಳನ್ನು ಮಾತ್ರ ಆರಿಸಬೇಕು. ರಾಶಿಯಿಂದ ಬೀಜ ತೆಗೆಯಬಾರದು.
- ಸಂಕರಣ ತಳಿಯ ಬೀಜವನ್ನು ಮರುಬಿತ್ತನೆಗೆ ಬಳಸಬಾರದು. ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಗಿಡಗಳು ಒಂದರಂತೆ ಒಂದಿರುವುದಿಲ್ಲ.
- ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಸ್ಥಳದಲ್ಲಿಡಬೇಕು. ತೇವ ತಗುಲಿದಲ್ಲಿ ಮೊಳೆಯುವ ಶಕ್ತಿ ಶೀಘ್ರವಾಗಿ ಕುಂದುತ್ತದೆ.

ಮೊಳಕೆ ಪರೀಕ್ಷೆ ಮತ್ತು ಬೀಜದ ಪ್ರಮಾಣ

ಬಿತ್ತನೆಗೆ ಮೂರು ವಾರ ಮುಂಚಿತವಾಗಿ 100 ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆ ಅಥವಾ ಕಾಗದದ ಮಡಿಕೆಯಲ್ಲಿ ಸುತ್ತಿ ಬೆಚ್ಚಗಿನ ಸ್ಥಳದಲ್ಲಿಡಬೇಕು. ಬಟ್ಟೆ ಒಣಗಬಾರದು, ನೀರೂ ತೊಟ್ಟಿಕ್ಕಬಾರದು. 7ನೇ ದಿನ ಒಮ್ಮೆ, 14ನೇ ದಿನ ಮತ್ತೊಮ್ಮೆ ಎಣಿಸಿ ಮೊಳೆತ ಬೀಜಗಳ ಒಟ್ಟು ಸಂಖ್ಯೆಯನ್ನು ತಿಳಿಯಬಹುದು.

ಉದಾಹರಣೆಗೆ, 75 x 45 ಸೆಂ.ಮೀ. ಅಂತರದಲ್ಲಿ ಒಂದು ಎಕರೆಗೆ ಸುಮಾರು 12,000 ಗಿಡಗಳು ಹಿಡಿಸುತ್ತವೆ. ಹುಸಿ ತುಂಬಲು ಶೇ. 10ರಷ್ಟು ಸೇರಿಸಿದಲ್ಲಿ 13,200 ಸಸಿಗಳು ಬೇಕು. ಒಂದು ಗ್ರಾಂಗೆ ಸುಮಾರು 180 ಬೀಜಗಳೆಂದು ಲೆಕ್ಕ ಹಿಡಿದರೆ, ಶೇ. 80 ಮೊಳೆಯುವ ಬೀಜ ಸುಮಾರು 92 ಗ್ರಾಂ ಸಾಕು, ಶೇ. 60 ಮೊಳೆಯುವ ಬೀಜವಾದರೆ ಸುಮಾರು 122 ಗ್ರಾಂ ಬೇಕು. ತೆರೆದ ಮಡಿಯಲ್ಲಿ ಸಸಿಗಳ ನಷ್ಟ ಹೆಚ್ಚಾಗಿರುವುದರಿಂದ ಸಾಮಾನ್ಯ ತಳಿಗಳಿಗೆ ಹೆಕ್ಟೇರಿಗೆ 1 ರಿಂದ 1.25 ಕಿ.ಗ್ರಾಂ ಬೀಜವನ್ನು ಶಿಫಾರಸು ಮಾಡಲಾಗುತ್ತದೆ. ಸಂಕರಣ ತಳಿಗಳಿಗೆ 200 ರಿಂದ 250 ಗ್ರಾಂ ಸಾಕಾಗುತ್ತದೆ.

ಬೀಜೋಪಚಾರ

ತಂಬಾಕು ಮೊಸಾಯಿಕ್ ನಂಜಾಣು ಬೀಜದ ಸಿಪ್ಪೆಯ ಮೇಲೆ ಉಳಿದು ಬರುತ್ತದೆ. ಇದನ್ನು ತಡೆಯಲು ಒಂದು ಲೀಟರ್ ನೀರಿಗೆ 100 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ ಕರಗಿಸಿ, ಆ ದ್ರಾವಣದಲ್ಲಿ ಬೀಜವನ್ನು 20 ರಿಂದ 30 ನಿಮಿಷ ನೆನೆಸಿ, ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ತದನಂತರ ಪ್ರತಿ ಕಿ.ಗ್ರಾಂ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಉಪಚರಿಸಿ ಬಿತ್ತಬೇಕು. ಕಂಪನಿಯವರು ಔಷಧಿ ಲೇಪಿಸಿ ಕೊಟ್ಟ ಬಣ್ಣದ ಬೀಜವನ್ನು ಪುನಃ ತೊಳೆಯುವ ಅಗತ್ಯವಿಲ್ಲ. ಅಂತಹ ಬೀಜವನ್ನು ಬರಿಗೈಯಿಂದ ಮುಟ್ಟಬಾರದು.

ಸಸಿ ಮಡಿ ತಯಾರಿಕೆ

ಮುಂಗಾರು ಬೆಳೆಗೆ ಮೇ-ಜೂನ್ ತಿಂಗಳುಗಳಲ್ಲಿ ಮಡಿಗೆ ಬೀಜ ಹಾಕಬೇಕು. ಟೊಮ್ಯಾಟೊ, ಬದನೆ, ಆಲೂಗಡ್ಡೆ ಅಥವಾ ಮೆಣಸಿನಕಾಯಿ ಬೆಳೆದಿದ್ದ ಜಾಗವನ್ನು ಮಡಿಗೆ ಆರಿಸಬಾರದು. ಬೇಸಿಗೆಯಲ್ಲಿ ಮಣ್ಣನ್ನು ತೇವ ಮಾಡಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು 4 ರಿಂದ 6 ವಾರ ಬಿಗಿಯಾಗಿ ಹೊದಿಸುವುದರಿಂದ ಬಿಸಿಲಿನ ಶಾಖಕ್ಕೆ ರೋಗಾಣು ಹಾಗೂ ಕಳೆ ಬೀಜಗಳು ನಾಶವಾಗುತ್ತವೆ.

7.5 ಮೀ. ಉದ್ದ, 1.2 ಮೀ. ಅಗಲ, 10 ಸೆಂ.ಮೀ. ಎತ್ತರದ ಏರು ಮಡಿಗಳನ್ನು ಸಿದ್ಧಪಡಿಸಿ, ಪ್ರತಿ ಮಡಿಗೆ 30 ಕಿ.ಗ್ರಾಂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು 500 ಗ್ರಾಂ 15:15:15 ಸಂಯುಕ್ತ ಗೊಬ್ಬರವನ್ನು ಬೆರೆಸಬೇಕು. ಅಗಲದ ದಿಕ್ಕಿನಲ್ಲಿ 10 ಸೆಂ.ಮೀ.ಗೊಂದು ಗೀರು ಎಳೆದು, ಅರ್ಧದಿಂದ ಒಂದು ಸೆಂ.ಮೀ. ಆಳದಲ್ಲಿ 2.5 ಸೆಂ.ಮೀ.ಗೊಂದರಂತೆ ಬೀಜ ಉದುರಿಸಿ, ನಯವಾದ ಗೊಬ್ಬರದಿಂದ ಮುಚ್ಚಬೇಕು. ಹೀಗೆ ಒಂದು ಮಡಿಗೆ ಸುಮಾರು 3,600 ಬೀಜಗಳು ಬೀಳುತ್ತವೆ. ಮೇಲಿನ ಲೆಕ್ಕದಂತೆ ಶೇ. 60 ಮೊಳೆಯುವ ಬೀಜವಾದರೆ ಎಕರೆಗೆ 6 ಮಡಿಗಳು ಬೇಕಾಗುತ್ತವೆ. ಭತ್ತದ ಹುಲ್ಲು ಹೊದಿಸಿ, ಝಾರಿಯಿಂದ ನೀರು ಹಾಕಬೇಕು. ಮೊಳಕೆ ಕಂಡ ಕೂಡಲೇ ಹುಲ್ಲನ್ನು ಸಂಜೆಯ ವೇಳೆ ತೆಗೆಯತಕ್ಕದ್ದು. ತಡವಾದರೆ ಸಸಿಗಳು ಬಿಳಿಚಿ ಉದ್ದವಾಗುತ್ತವೆ.

ಟ್ರೇಗಳಲ್ಲಿ ಸಸಿ ಬೆಳೆಸುವುದು

ದುಬಾರಿ ಸಂಕರಣ ಬೀಜಕ್ಕೆ 98 ಗುಳಿಗಳ ಪ್ಲಾಸ್ಟಿಕ್ ಟ್ರೇ ಉತ್ತಮ. ಪ್ರತಿ ಟ್ರೇಗೆ ಸುಮಾರು 1.2 ಕಿ.ಗ್ರಾಂ ಸಂಸ್ಕರಿಸಿದ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದು ಬೀಜ ಹಾಕಬೇಕು. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಹಾಳೆಯಿಂದ ಮುಚ್ಚಿದರೆ ಶಾಖ ಮತ್ತು ತೇವ ಉಳಿಯುತ್ತದೆ. 5ನೇ ದಿನದಿಂದ ಪ್ರತಿದಿನ ಪರೀಕ್ಷಿಸಿ, ಮೊಳಕೆ ಹೊರಟೊಡನೆ ನೆರಳು ಪರದೆಯೊಳಗೆ ಹರಡಬೇಕು. ನಾಟಿಯಲ್ಲಿ ಬೇರು ಕದಲದಿರುವುದರಿಂದ ಸಸಿಗಳು ಬೇಗ ಚೇತರಿಸಿಕೊಳ್ಳುತ್ತವೆ.

ಸಸಿ ಹಂತದ ತೊಂದರೆಗಳು

ಸಸಿ ಸಾಯುವ ರೋಗ: ಮಣ್ಣಿನಲ್ಲಿರುವ ಪಿಥಿಯಂ ಮೊದಲಾದ ಶಿಲೀಂಧ್ರಗಳಿಂದ ಬರುತ್ತದೆ. ಕಾಂಡದ ಬುಡ ನೀರಿನಲ್ಲಿ ನೆಂದಂತಾಗಿ ಸಸಿ ನೆಲಕ್ಕೊರಗುತ್ತದೆ. ದಟ್ಟ ಬಿತ್ತನೆ ಮತ್ತು ಅತಿಯಾದ ನೀರು ಮುಖ್ಯ ಕಾರಣಗಳು. ರೋಗ ಕಂಡಲ್ಲಿ ನೀರು ಕಡಿಮೆ ಮಾಡಿ, ಒಂದು ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಮಡಿಯ ಮಣ್ಣು ತೋಯುವಂತೆ ಸುರಿಯಬೇಕು.

ಮುಟುರು ರೋಗ: ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುರಿದ್ದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುರಿದ್ದರೆ ಮೈಟ್ ನುಸಿ ಸಾಮಾನ್ಯ ಕಾರಣ. ಬಿಳಿ ನೊಣಗಳು ಹರಡುವ ನಂಜಾಣುವಿನಿಂದಲೂ ಎಲೆ ಮುದುರಿ ಗಿಡ ಗಿಡ್ಡವಾಗುತ್ತದೆ. ಕಾರಣ ತಿಳಿಯದೆ ಸಿಂಪಡಿಸಿದ ಔಷಧಿ ವ್ಯರ್ಥ. 2021ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹೊರದೇಶದಿಂದ ಬಂದ ಕಪ್ಪು ಥ್ರಿಪ್ಸ್ ತೀವ್ರ ಹಾನಿಯುಂಟುಮಾಡಿತು. ಮಡಿಯ ಮೇಲೆ 40 ರಿಂದ 50 ಮೆಶ್ ನೈಲಾನ್ ಪರದೆ ಕಟ್ಟುವುದು ಬಿಳಿ ನೊಣ ಮೊದಲಾದ ರಸ ಹೀರುವ ಕೀಟಗಳಿಗೆ ಉತ್ತಮ ತಡೆ.

ವಿಶೇಷ ಸೂಚನೆ: ಹಳೆಯ ಕೈಪಿಡಿಗಳಲ್ಲಿ ಸಸಿ ಮಡಿಗೆ ಫೋರೇಟ್ ಹರಳು ಹಾಕುವ ಸಲಹೆ ಇದೆ. ಫೋರೇಟ್, ಟ್ರೈಅಜೋಫಾಸ್ ಮತ್ತು ಫಾಸ್ಫಾಮಿಡಾನ್ ಕೀಟನಾಶಕಗಳನ್ನು ಕೇಂದ್ರ ಸರ್ಕಾರವು 2018ರ ಆದೇಶದನ್ವಯ 2020ರ ಡಿಸೆಂಬರ್ 31ರಿಂದ ಸಂಪೂರ್ಣ ನಿಷೇಧಿಸಿದೆ. ಮನೆಯಲ್ಲಿ ಉಳಿದಿರುವ ದಾಸ್ತಾನನ್ನೂ ಬಳಸಕೂಡದು.

ಬೀಜ ಮೊಳೆಯದಿರಲು ಕಾರಣಗಳು

1. ಹಳೆಯ ಅಥವಾ ತೇವ ತಗುಲಿದ ಬೀಜ.
2. ಒಂದು ಸೆಂ.ಮೀ.ಗಿಂತ ಹೆಚ್ಚು ಆಳದ ಬಿತ್ತನೆ.
3. ಮಣ್ಣು ತಣ್ಣಗಿರುವುದು.
4. ಮೊಳೆಯುವ ವೇಳೆ ಒಮ್ಮೆ ಒಣಗಿ ಹೋಗುವುದು, ಅಥವಾ ನೀರು ನಿಂತು ಗಾಳಿ ಸಿಗದೆ ಬೀಜ ಕೊಳೆಯುವುದು.
5. ಇರುವೆಗಳು ಬೀಜ ಹೊತ್ತೊಯ್ಯುವುದು.

ನಾಟಿ

35 ರಿಂದ 45 ದಿನಗಳ, ಸುಮಾರು 15 ಸೆಂ.ಮೀ. ಎತ್ತರದ, ಗಟ್ಟಿ ಕಾಂಡದ ಸಸಿಗಳು ನಾಟಿಗೆ ಯೋಗ್ಯ. ಒಂದು ವಾರ ಮೊದಲು ನೀರು ಕಡಿಮೆ ಮಾಡಿ, ನೆರಳು ತೆಗೆದು ಸಸಿಗಳನ್ನು ಬಿಸಿಲಿಗೆ ಹದಗೊಳಿಸಬೇಕು. ಕೀಳುವ ದಿನ ಮಡಿಗೆ ನೀರು ಹಾಯಿಸಿ, ಸಂಜೆ ಅಥವಾ ಮೋಡದ ದಿನ ನಾಟಿ ಮಾಡಬೇಕು. ಎಲೆ ಮುದುರಿದ ಸಸಿಗಳನ್ನು ಕಿತ್ತು ಸುಡಬೇಕು. ಅವುಗಳಿಂದ ಹುಸಿ ತುಂಬಬಾರದು.

ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಹಾಗೂ ನೀರಾವರಿಯಲ್ಲಿ 150:75:75 ಕಿ.ಗ್ರಾಂ, ಖುಷ್ಕಿಯಲ್ಲಿ 100:50:50 ಕಿ.ಗ್ರಾಂ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಒದಗಿಸಬೇಕು. ಮಣ್ಣು ಪರೀಕ್ಷೆಯ ವರದಿಯಂತೆ ಇದನ್ನು ಮಾರ್ಪಡಿಸಿಕೊಳ್ಳಬಹುದು. ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಬಿತ್ತಿದರೆ ಬಿಳಿ ನೊಣಕ್ಕೆ ತಡೆಯಾಗುತ್ತದೆ. ಗದಗ, ಧಾರವಾಡ ಭಾಗದ ಎರೆ ಹೊಲಗಳಲ್ಲಿ ಈರುಳ್ಳಿ ಮತ್ತು ಹತ್ತಿಯೊಡನೆ ಮೆಣಸಿನಕಾಯಿಯನ್ನು ಮಿಶ್ರ ಬೆಳೆಯಾಗಿ ಬೆಳೆಯುವ ರೂಢಿಯಿದ್ದು, ಒಂದು ಬೆಳೆ ಕೈಕೊಟ್ಟರೂ ಮತ್ತೊಂದು ಆಧಾರವಾಗುತ್ತದೆ.

ಕೈತೋಟದಲ್ಲಿ

ಒಂದು ಕುಟುಂಬಕ್ಕೆ ನಾಲ್ಕೈದು ಗಿಡಗಳು ಸಾಕು. ಮಣ್ಣು, ಮರಳು ಮತ್ತು ಕಳಿತ ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿ, ಬೀಜಗಳನ್ನು ಸಣ್ಣ ಕುಂಡದಲ್ಲಿ ಮೊಳೆಯಿಸಿ, ನಂತರ ಗಿಡಕ್ಕೊಂದರಂತೆ ದೊಡ್ಡ ಕುಂಡಗಳಿಗೆ ವರ್ಗಾಯಿಸಬಹುದು. ಪ್ರತಿದಿನ ಕನಿಷ್ಠ 6 ಗಂಟೆ ಬಿಸಿಲು ಬೀಳುವಂತಿರಬೇಕು.

ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಛೇರಿ, ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ದೂರವಾಣಿ 1800-180-1551 ಅನ್ನು ಸಂಪರ್ಕಿಸಬಹುದು.