ದೇವರು ಮೂರು ಥರ, ಬದುಕು ಒಂದೇ ಥರ

ನಾವು ಎಷ್ಟು ದುಡೀತೀವಿ, ಎಷ್ಟು ಗಳಿಸ್ತೀವಿ ಅನ್ನೋದನ್ನ ಧರ್ಮ ತೀರ್ಮಾನಿಸುತ್ತಾ? 1905ರ ಹೊತ್ತಿಗೆ ಜರ್ಮನಿಯ ಮ್ಯಾಕ್ಸ್ ವೇಬರ್, ಪ್ರಾಟೆಸ್ಟಂಟ್ ನಂಬಿಕೆ ಬಂಡವಾಳಶಾಹಿ ಮನೋಭಾವಕ್ಕೆ ನೀರೆರೆಯಿತು ಎಂದು ವಾದಿಸಿದರು. ನಮಗಂತೂ ತಕ್ಷಣ ಬಸವಣ್ಣನವರ ಕಾಯಕ ನೆನಪಾಗುತ್ತೆ.

ಆದರೆ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಡೆ ಬನ್ನಿ. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಬಹುಪಾಲು ಮನೆಗಳ ಬದುಕು ಮಾತ್ರ ಒಂದೇ: ಕೂಲಿ, ಕಾಡು, ತುಂಡು ಜಮೀನು. ಧರ್ಮವೇ ಹಣೆಬರಹ ಬರೆಯೋದಾಗಿದ್ರೆ ಮೂವರ ಕಥೆ ಬೇರೆ ಬೇರೆ ಇರಬೇಕಿತ್ತಲ್ವಾ? 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಾಗ, ಮೀಸಲಾತಿಯ ಬಾಗಿಲು ತೆರೆದಿದ್ದೂ ಮೂವರಿಗೂ.

ಇನ್ನು ಮುಂಡಗೋಡದ ಟಿಬೆಟನ್ ಕ್ಯಾಂಪ್. 1966ರಲ್ಲಿ ಸರ್ಕಾರ ಕೊಟ್ಟ ಜಮೀನಿನಲ್ಲಿ ಶುರುವಾಯ್ತು. ಆಮೇಲೆ ಬಂದ ಗಾದೆನ್, ದ್ರೆಪುಂಗ್ ಮಠಗಳ ಭಿಕ್ಷುಗಳು ಗ್ರಂಥ ಓದಿದವರು. ಅವರೂ ಮೊದಲ ವರ್ಷಗಳಲ್ಲಿ ಹೊಲಕ್ಕಿಳಿದು ಗೋವಿನಜೋಳ ಬೆಳೆದರು. ಧರ್ಮ ಬದಲಾಗಿರಲಿಲ್ಲ, ಪರಿಸ್ಥಿತಿ ಬದಲಾಗಿತ್ತು.

ಧರ್ಮಕ್ಕೆ ಪಾತ್ರವೇ ಇಲ್ಲ ಅಂತ ನಾನು ಹೇಳಲ್ಲ. ಊರು ಬಿಟ್ಟು ಬಂದವರನ್ನ ಚದುರದ ಹಾಗೆ ಹಿಡಿದಿಟ್ಟಿದ್ದು ಮಠವೇ. ಆದರೆ ಕಾಯಕಕ್ಕೆ ಮನಸ್ಸೊಂದೇ ಸಾಲದು, ಕಾಲ ಕೆಳಗೆ ನೆಲವೂ ಬೇಕು. ಹಾಗಾಗಿ ಯಾರಾದ್ರೂ "ಆ ಜನಾನೇ ಸೋಮಾರಿಗಳು, ಅವರ ಧರ್ಮಾನೇ ಹಂಗೆ" ಅಂದ್ರೆ, ಒಂದೇ ಪ್ರಶ್ನೆ ಕೇಳಿ: ಅವರ ಹೆಸರಲ್ಲಿ ಪಹಣಿ ಇದೆಯಾ?