ಕೆಟ್ಟ ಚಿತ್ರ, ಉಜ್ಜಿದ ಕಲ್ಲು



ನೀವು ಯಾವತ್ತಾದರೂ ಹಕ್ಕಿಯೊಂದರ ಚಿತ್ರ ಬಿಡಿಸಲು ಕೂತಿದ್ದೀರಾ? ಗೋಡೆಯ ಕ್ಯಾಲೆಂಡರ್ ನೋಡಿ ನಕಲು ಮಾಡುವುದಲ್ಲ, ನಿಜವಾದ ಹಕ್ಕಿಯನ್ನು ಇದ್ದ ಹಾಗೆ, ಗರಿಗೆ ಗರಿ ಲೆಕ್ಕ ಹಿಡಿದು ಬಿಡಿಸುವುದು. ನಾನೊಮ್ಮೆ ಕೂತೆ. ಶಿವಡಿಯ ಕೆಸರು ದಂಡೆಯಲ್ಲಿ ಕಂಡ ಫ್ಲೆಮಿಂಗೊ. ಮೂರು ಭಾನುವಾರ ಕಾಲು, ಕುತ್ತಿಗೆ, ರೆಕ್ಕೆ ಎಲ್ಲ ಸರಿಯಾಗಿ ಬಂತು. ನಾಲ್ಕನೆಯ ಭಾನುವಾರ ಕಣ್ಣಿಡುವಾಗ ಕುಂಚ ಕೂದಲೆಳೆಯಷ್ಟು ಜಾರಿತು. ಅಷ್ಟೇ, ಹಕ್ಕಿ ಹೋಯಿತು, ಬಾತುಕೋಳಿ ಬಂತು! ಜಲವರ್ಣದಲ್ಲಿ ಅಳಿಸುವ ಸೌಕರ್ಯ ಇಲ್ಲ. ಉಳಿದದ್ದನ್ನು ನಮ್ಮ ಮುಂಬಯಿಯ ಮಳೆಗಾಲ ನೋಡಿಕೊಂಡಿತು. ಆಗಸ್ಟ್ ಹೊತ್ತಿಗೆ ಹಾಳೆಯ ಮೇಲೆ ಬೂಷ್ಟು ಹಿಡಿದಿತ್ತು.

ನನ್ನ ಫ್ಲೆಮಿಂಗೊ ಹಾಳಾದರೆ ದೇಶಕ್ಕೇನೂ ನಷ್ಟವಿಲ್ಲ ಬಿಡಿ. ಆದರೆ ಆ ನೆಪದಲ್ಲಿ ನಮ್ಮ ನಾಡಿನ ಹಕ್ಕಿಗಳನ್ನು ಚಿತ್ರವಾಗಿಸಲು ಹೊರಟವರ ಹಳೆಯ ಕಥೆಗಳನ್ನು ಓದತೊಡಗಿದೆ. ಓದುತ್ತಾ ಹೋದರೆ ಎಲ್ಲ ದಾರಿಯೂ ಹೇಗೋ ನಮ್ಮ ಈ ಶಹರಕ್ಕೇ ಬಂದು ಮುಟ್ಟುತ್ತದೆ. ಒಂದು ದಾರಿಯಂತೂ ಕಾರವಾರದಿಂದಲೇ ಹೊರಟದ್ದು. ಅದನ್ನು ನಿಮಗೆ ಹೇಳಬೇಕೆನಿಸಿತು.

ಕಥೆ ಶುರುವಾಗುವುದು ಅಲನ್ ಆಕ್ಟೇವಿಯನ್ ಹ್ಯೂಮ್ ಅವರಿಂದ. ಹೌದು, ನಾವು ಶಾಲೆಯಲ್ಲಿ ಕಾಂಗ್ರೆಸ್ ಸ್ಥಾಪಕರೆಂದು ಬಾಯಿಪಾಠ ಮಾಡಿದ ಅದೇ ಹ್ಯೂಮ್. ಆ ಪಾಠದಲ್ಲಿ ಬಿಟ್ಟುಹೋದ ಸಂಗತಿಯೆಂದರೆ, ಅವರು ಆ ಕಾಲದಲ್ಲಿ ಹಿಂದೂಸ್ತಾನದ ಹಕ್ಕಿಗಳ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ಮನುಷ್ಯ. ಸಿಮ್ಲಾದ ಜಾಕೋ ಗುಡ್ಡದ ಮೇಲೆ ರಾತ್ನಿ ಕ್ಯಾಸಲ್ ಎಂಬ ಅವರ ಮನೆ. ಅಲ್ಲಿಯೇ ಹಕ್ಕಿಗಳ ಸಂಗ್ರಹಾಲಯ. ಊರೂರಿನ ಅಧಿಕಾರಿಗಳು, ಬೇಟೆಗಾರರು ಅವರಿಗೆ ಚರ್ಮ, ಮೊಟ್ಟೆ, ಟಿಪ್ಪಣಿ ಕಳಿಸುತ್ತಿದ್ದರು.

ಹ್ಯೂಮ್ ಮತ್ತು ಸಿ. ಎಚ್. ಟಿ. ಮಾರ್ಷಲ್ ಕೂಡಿ ಬೇಟೆಯ ಹಕ್ಕಿಗಳ ಮೇಲೆ ಮೂರು ಸಂಪುಟಗಳ ದೊಡ್ಡ ಗ್ರಂಥ ತಂದರು. 1879ರಿಂದ 1881ರವರೆಗೆ ಅಚ್ಚಾಯಿತು. ನವಿಲು, ಕಾಡುಕೋಳಿ, ಗೌಜಲು, ಉತ್ತರ ಕರ್ನಾಟಕದ ಎರೆ ಹೊಲದವರು ಎರೆಬೂತ ಎನ್ನುವ ಆ ಭಾರೀ ಹಕ್ಕಿ, ಎಲ್ಲಕ್ಕೂ ಬಣ್ಣದ ಚಿತ್ರ ಬೇಕು. ಚಿತ್ರ ಬಿಡಿಸುವವರು ಮತ್ತು ಅಚ್ಚು ಹಾಕುವವರು ಲಂಡನ್ನಿನಲ್ಲಿ, ಹಕ್ಕಿಗಳು ಇಲ್ಲಿ. ಅಲ್ಲಿಗೆ ಹೋಗುವುದು ಒಣಗಿದ ಚರ್ಮ ಮಾತ್ರ. ಸತ್ತ ಹಕ್ಕಿಯ ಗರಿಯ ಬಣ್ಣ ಬಹುಕಾಲ ಉಳಿದರೂ ಕಣ್ಣು, ಕೊಕ್ಕು, ಕಾಲುಗಳ ಬಣ್ಣ ಬೇಗ ಮಾಸುತ್ತದೆ. ಹಾಗಾಗಿ ಹ್ಯೂಮ್ ಯಾವ ಹಕ್ಕಿಯ ಕಣ್ಣು ಎಂಥ ಕೆಂಪು, ಕಾಲು ಎಂಥ ಹಳದಿ ಎಂದು ಕಲಾವಿದರಿಗೆ ಬರೆದು ಕಳಿಸುತ್ತಿದ್ದರು.

ಆದರೂ ಚಿತ್ರಗಳು ಕೆಟ್ಟವು. ಎಲ್ಲವೂ ಅಲ್ಲ, ಆದರೆ ಸಾಕಷ್ಟು. ಹ್ಯೂಮ್ ಏನು ಮಾಡಿದರು ಗೊತ್ತೇ? ಮುನ್ನುಡಿಯಲ್ಲೇ ಒಪ್ಪಿಕೊಂಡರು. ಕೆಲವು ಕಲಾವಿದರು ಅಜಾಗರೂಕರಾಗಿದ್ದರು, ಕೆಲವರು ಚಿತ್ರ ಚೆಂದ ಕಾಣಲೆಂದು ನಿಜವನ್ನು ಬಲಿಕೊಟ್ಟರು, ನಷ್ಟವಾದರೂ ಸರಿ ಎಂದು ಹಲವನ್ನು ತಿರಸ್ಕರಿಸಿದೆವು, ಆದರೂ ಮನಸ್ಸಿಗೆ ಒಪ್ಪದ ಕೆಲವನ್ನು ಇಟ್ಟುಕೊಳ್ಳಲೇಬೇಕಾಯಿತು ಎಂಬುದು ಅವರ ಮಾತಿನ ಸಾರ. ಅಷ್ಟಕ್ಕೇ ಬಿಡದೆ, ಚಿತ್ರಗಳಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂಬ ಟಿಪ್ಪಣಿಯನ್ನೂ ಪುಸ್ತಕದಲ್ಲಿ ಸೇರಿಸಿದರು. ತಾನೇ ದುಡ್ಡು ಹಾಕಿ ತಂದ ಪುಸ್ತಕದಲ್ಲಿ ತನ್ನದೇ ಚಿತ್ರಗಳ ದೋಷಪಟ್ಟಿ! ಇಂಥ ಪ್ರಕಾಶಕರು ಈಗ ಸಿಕ್ಕಾರೆಯೇ? ಆ ದುಡ್ಡೂ ಸುಲಭದ್ದಲ್ಲ. ಸರಕಾರ ಅವರನ್ನು 1879ರಲ್ಲಿ ಕಾರ್ಯದರ್ಶಿ ಹುದ್ದೆಯಿಂದ ಕೆಳಗಿಳಿಸಿತ್ತು. ಪುಸ್ತಕಕ್ಕೆ 4000 ಪೌಂಡ್ ಬೇಕೆಂದು ಅವರ ಅಂದಾಜು. ಆ ಖರ್ಚಿಗಾಗಿಯೇ ಅವಮಾನ ನುಂಗಿ ಕೆಲಸದಲ್ಲಿ ಉಳಿದು, ಪುಸ್ತಕ ಮುಗಿದ ಮೇಲೆ 1882ರ ಜನವರಿ 1ರಂದು ನಿವೃತ್ತರಾದರು.

ತಪ್ಪಾದ ಚಿತ್ರವನ್ನು ತಿದ್ದಲು ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆ ಕಾಲದ ಬಣ್ಣದ ಅಚ್ಚು ಎಂದರೆ ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಎಡಬಲ ತಿರುಗಿಸಿ ಚಿತ್ರ ಬರೆಯಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದು ಅಚ್ಚು ಸರಿಯಾಗಿ ಕೂರದಿದ್ದರೆ ನವಿಲಿಗೆ ಎರಡು ಅಂಚು ಬರುತ್ತದೆ. ದೊಡ್ಡ ತಪ್ಪಾದರೆ ಒಂದೇ ಉಪಾಯ: ಮರಳು, ನೀರು ಹಾಕಿ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಉಜ್ಜಿ, ಚಿತ್ರ ಪೂರ್ತಿ ಹೋದ ಮೇಲೆ ಮೊದಲಿನಿಂದ ಬರೆಯುವುದು. ನಮ್ಮ ಗಿರ್ಗಾಂವಿನಲ್ಲಿ 1894ರಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನಲ್ಲಿ ಲಕ್ಷ್ಮಿ, ಸರಸ್ವತಿಯರು ಹುಟ್ಟಿದ್ದೂ ಇಂಥ ಕಲ್ಲುಗಳ ಮೇಲೆಯೇ. ಕಲ್ಲು ಸವೆಯುವ ತನಕ ಎಷ್ಟು ಸಲವಾದರೂ ಉಜ್ಜಬಹುದು, ಸವೆಯುವುದು ಕಲ್ಲಿಗಿಂತ ಮೊದಲು ಕೈಯಲ್ಲಿರುವ ಕಾಸು.

ಹ್ಯೂಮ್ ಅವರಿಗೆ ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಬೇಟೆಯ ಹಕ್ಕಿಗಳು ಬರೀ ಪೀಠಿಕೆ, ದೇಶದ ಎಲ್ಲ ಹಕ್ಕಿಗಳ ಮೇಲೂ ಮಹಾಗ್ರಂಥ ಬರೆಯುವುದು ಅವರ ಜೀವಮಾನದ ಆಸೆ. ಅದಕ್ಕಾಗಿ ಸುಮಾರು 25 ವರ್ಷ ಟಿಪ್ಪಣಿ ಕೂಡಿಸಿದ್ದರು. 1883ರ ಸುಮಾರಿಗೆ ಪ್ರವಾಸದಿಂದ ಸಿಮ್ಲಾಕ್ಕೆ ಮರಳಿ ನೋಡುತ್ತಾರೆ, ಕಾಗದಗಳೇ ಇಲ್ಲ! ಮನೆಯ ಆಳು ಅದನ್ನೆಲ್ಲ ರದ್ದಿಗೆ ಮಾರಿದ್ದ. ಮಿತ್ರರೇ, ನಮ್ಮ ಮನೆ ಬಾಗಿಲಿಗೆ ರದ್ದಿವಾಲಾ ಬಂದಾಗ ಮಕ್ಕಳ ಹಳೆಯ ಪಟ್ಟಿ ಹೋದರೇ ನಾವು ರಂಪ ಮಾಡುತ್ತೇವೆ. ಇಲ್ಲಿ ಹೋದದ್ದು ಒಂದು ದೇಶದ ಹಕ್ಕಿಗಳ ಜಾತಕ. ಸಿಮ್ಲಾದ ಬಜಾರಿನಲ್ಲಿ ಯಾವ ಪೊಟ್ಟಣಕ್ಕೆ ಯಾವ ಹಕ್ಕಿ ಸುತ್ತಿಕೊಂಡು ಹೋಯಿತೋ! ಸಾಲದೆಂಬಂತೆ ಭಾರೀ ಮಳೆಗೆ ಗುಡ್ಡ ಕುಸಿದು ಸಂಗ್ರಹಾಲಯಕ್ಕೂ ಹಾನಿಯಾಯಿತು.

ಮತ್ತೆ ಶುರು ಮಾಡುವ ಮನಸ್ಸು ಹ್ಯೂಮ್ ಅವರಿಗೆ ಬರಲಿಲ್ಲ. ಸುಮಾರು 82,000 ಮಾದರಿಗಳಿದ್ದ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು. 1885ರಲ್ಲಿ ಲಂಡನ್ನಿನಿಂದ ಶಾರ್ಪ್ ಎಂಬ ಪಕ್ಷಿತಜ್ಞರು ಬಂದು ಪೆಟ್ಟಿಗೆ ಕಟ್ಟಿಸಿಕೊಂಡು ಹೋದರು. ಅದೇ ವರ್ಷ ಡಿಸೆಂಬರ್ 28ರಂದು ನಮ್ಮ ಗೋವಾಲಿಯಾ ಟ್ಯಾಂಕಿನ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ಅದೂ ಪುಣೆಯಲ್ಲಿ ಆಗಬೇಕಿದ್ದದ್ದು, ಅಲ್ಲಿ ಕಾಲರಾ ಬಂದದ್ದರಿಂದ ಇಲ್ಲಿಗೆ ಬಂತು. ಕಾಗದ ರದ್ದಿಗೆ ಹೋಗದಿದ್ದರೆ ಹ್ಯೂಮ್ ರಾಜಕೀಯಕ್ಕೆ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ರೈತರ ಸ್ಥಿತಿ, ಸರಕಾರದ ನೀತಿ ಅವರನ್ನು ಮೊದಲಿನಿಂದಲೂ ಕಾಡುತ್ತಿತ್ತು. ಆದರೆ ಕೈ ಖಾಲಿಯಾಗಿತ್ತು ಎಂಬುದು ಸುಳ್ಳಲ್ಲ.

ಹಾಗಾದರೆ ಹಕ್ಕಿಗಳ ಕೆಲಸ? ಅದನ್ನು ಎತ್ತಿಕೊಂಡದ್ದು ಮುಂಬಯಿ. 1883ರ ಸೆಪ್ಟೆಂಬರ್ 15ರಂದು ಬೈಕಲಾದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಅಂದರೆ ಈಗಿನ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನಲ್ಲಿ, ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ, ಡಾ. ಸಖಾರಾಮ ಅರ್ಜುನ ಇದ್ದರು. ತಾನೇ ಪ್ರಾಣಿಗಳ ಚಿತ್ರ ಬಿಡಿಸುತ್ತಿದ್ದ ಸ್ಟರ್ನ್‌ಡೇಲ್ ಇದ್ದರು. ಇ. ಎಚ್. ಏಟ್ಕನ್ ಎಂಬ ಸುಂಕದ ಇಲಾಖೆಯ ಅಧಿಕಾರಿಯೂ ಇದ್ದರು. ಈ ಏಟ್ಕನ್ ಸಾಹೇಬರು ನಮ್ಮ ಕಾರವಾರದಲ್ಲಿಯೂ ಇದ್ದು ಬಂದವರು.

ಕಾರವಾರದಿಂದ ಹೊರಟ ದಾರಿ ಎಂದೆನಲ್ಲ, ಅದು ಇನ್ನೊಬ್ಬನದು. 1894ರಲ್ಲಿ ಕಾರವಾರದ ಇಂಗಲ್ ಎಂಬವರು ಸೊಸೈಟಿಗೆ ಮೂರು ತಿಂಗಳ ಒಂದು ಮಂಗಟ್ಟೆ ಮರಿಯನ್ನು ಕಳಿಸಿಕೊಟ್ಟರು. ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. ಅಪೊಲೊ ಸ್ಟ್ರೀಟಿನ ಕಚೇರಿಯಲ್ಲಿ, ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಕುರ್ಚಿಯ ಹಿಂದಿನ ಪಂಜರದಲ್ಲಿ, ಈ ಕಾರವಾರದ ಹುಡುಗ 26 ವರ್ಷ ಸಂಸಾರ ಮಾಡಿದ. ಹಣ್ಣು, ಇಲಿ, ಚೇಳು, ಏನು ಕೊಟ್ಟರೂ ತಿನ್ನುತ್ತಿದ್ದ. ಒಮ್ಮೆ ಉರಿಯುವ ಚುಟ್ಟಾವನ್ನೇ ನುಂಗಿ ಜೀರ್ಣಿಸಿಕೊಂಡನಂತೆ. ಕೊನೆಗೆ 1920ರಲ್ಲಿ ತಂತಿಯ ತುಂಡೊಂದನ್ನು ನುಂಗಿ ಸತ್ತ ಎನ್ನುತ್ತಾರೆ. ಸೊಸೈಟಿಯ ಲಾಂಛನದಲ್ಲಿ ಕೂತಿರುವ ಹಕ್ಕಿ ಅವನೇ. ಲಯನ್ ಗೇಟಿನ ಎದುರಿನ ಅವರ ಕಟ್ಟಡಕ್ಕೆ ಹಾರ್ನ್‌ಬಿಲ್ ಹೌಸ್ ಎಂಬ ಹೆಸರು ಬಂದದ್ದೂ ಅವನಿಂದಲೇ. ಮುಂಬಯಿಗೆ ಬಂದು ಹೆಸರು ಮಾಡಿದ ಕನ್ನಡನಾಡಿನವರ ಪಟ್ಟಿ ಮಾಡುವಾಗ ವಿಲಿಯಂನನ್ನು ಮರೆಯುವುದು ಅನ್ಯಾಯ.

ತಮಾಷೆ ಬಿಡಿ. ದೊಡ್ಡ ಮಂಗಟ್ಟೆಯ ಚಿತ್ರ ಬಿಡಿಸುವವರಿಗೆ ಜೀವಂತ ಹಕ್ಕಿ ಕಣ್ಣೆದುರು ಇರುವುದು ಎಷ್ಟು ಮುಖ್ಯ ಗೊತ್ತೇ? ಅದರ ಕುತ್ತಿಗೆಯಲ್ಲಿ, ರೆಕ್ಕೆಯ ಪಟ್ಟೆಯಲ್ಲಿ, ಕೊಕ್ಕಿನ ಮೇಲಿನ ಶಿರಸ್ತ್ರಾಣದಲ್ಲಿ ಕಾಣುವ ಹಳದಿ ಬಹುಪಾಲು ಹುಟ್ಟುಬಣ್ಣವಲ್ಲ. ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಹಳದಿ ಎಣ್ಣೆ ತೆಗೆದು ಹಕ್ಕಿ ತಾನೇ ಬಳಿದುಕೊಳ್ಳುತ್ತದೆ. ನಮ್ಮ ಹೆಂಗಸರು ಅರಿಶಿನ ಹಚ್ಚಿಕೊಂಡ ಹಾಗೆ. ಸತ್ತ ಮೇಲೆ ಬಳಿಯುವವರಿಲ್ಲ, ಬಣ್ಣ ಮಾಸುತ್ತದೆ. ಒಣ ಚರ್ಮ ನೋಡಿ ಬರೆದ ಕಲಾವಿದ ಎಷ್ಟೇ ಪ್ರಾಮಾಣಿಕನಾದರೂ ಹಕ್ಕಿ ಬಿಳಿಚಿಕೊಳ್ಳುತ್ತದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ ಎಂಬುದನ್ನೂ ಚರ್ಮ ಹೇಳುವುದಿಲ್ಲ. ಹ್ಯೂಮ್ ಅವರ ಕಲಾವಿದರನ್ನು ಬೈಯುವ ಮೊದಲು ಇದನ್ನು ನೆನೆಯಬೇಕು. ಅವರಲ್ಲಿ ಎಲ್ಲರೂ ಸೋಮಾರಿಗಳಾಗಿರಲಾರರು.

ಸೊಸೈಟಿಯವರು ಮಾಡಿದ್ದು, ಒಂದರ್ಥದಲ್ಲಿ, ಕಲ್ಲನ್ನು ಉಜ್ಜಿ ಮತ್ತೆ ಬರೆದದ್ದು. ಅಸ್ಸಾಮಿನ ಪೊಲೀಸ್ ಅಧಿಕಾರಿ ಸ್ಟುವರ್ಟ್ ಬೇಕರ್, ಚಿರತೆಯ ಬಾಯಿಗೆ ಎಡಗೈ ಕಳೆದುಕೊಂಡಿದ್ದ ಮನುಷ್ಯ, ಸೊಸೈಟಿಯ ಪತ್ರಿಕೆಯಲ್ಲಿ ಬಾತುಗಳ ಬಗ್ಗೆ ಸರಣಿ ಬರೆದರು. 1908ರಲ್ಲಿ ಅದು ಬಣ್ಣದ ಚಿತ್ರಗಳೊಂದಿಗೆ ಪುಸ್ತಕವಾಯಿತು. ಚಿತ್ರಕಾರರಲ್ಲಿ ಹಾಲೆಂಡಿನ ಕ್ಯೂಲೆಮನ್ಸ್, ಡೆನ್ಮಾರ್ಕಿನ ಗ್ರಾನ್‌ವಾಲ್ಡ್, ಇಂಗ್ಲೆಂಡಿನ ಲಾಜ್ ಇದ್ದರು. ಲಾಜ್ ಅಂತೂ ಗಿಡುಗ ಸಾಕಿ ಹಾರಿಸುತ್ತಿದ್ದವರು, ಜೀವಂತ ರೆಕ್ಕೆ ಬಲ್ಲವರು. ಆಮೇಲೆ 1921ರಿಂದ 1930ರವರೆಗೆ ಬೇಟೆಯ ಹಕ್ಕಿಗಳ ಮೇಲೆ ಮೂರು ಸಂಪುಟ. ಹ್ಯೂಮ್ ಅವರ ಅವೇ ಹಕ್ಕಿಗಳು, ಮೊದಲಿನಿಂದ!

ಇದೇ ಕಚೇರಿಗೆ 1908ರಲ್ಲಿ ಒಬ್ಬ ಪುಟ್ಟ ಹುಡುಗ ಹಳದಿ ಕುತ್ತಿಗೆಯ ಗುಬ್ಬಿಯೊಂದನ್ನು ಹೊಡೆದು, ಇದು ಯಾವ ಹಕ್ಕಿ ಎಂದು ಕೇಳಲು ಮಿಲ್ಲಾರ್ಡ್ ಬಳಿ ಬಂದ. ಅವನೇ ಸಲೀಂ ಅಲಿ. ಅವರ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು, ಚುಟುಕಾಗಿ ಹೇಳುತ್ತೇನೆ. ಬರ್ಮಾದ ವ್ಯಾಪಾರ ಕೈಹಿಡಿಯಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ಪ್ರಾಣಿ ವಿಭಾಗದಲ್ಲಿ ಜನರಿಗೆ ವಿವರಿಸುವ ಕೆಲಸ ಸಿಕ್ಕಿತು. ರಜೆ ಹಾಕಿ ಬರ್ಲಿನ್ನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದರೆ, ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಿದ್ದರು. ಕೊಲ್ಲಿಯ ಆಚೆ ದಡದ ಕಿಹೀಮಿನಲ್ಲಿ ಹೆಂಡತಿಯ ಕಡೆಯವರ ಮನೆಗೆ ಹೋಗಿ ಇದ್ದರು. ಕೆಲಸವಿಲ್ಲದ ಆ ದಿನಗಳಲ್ಲಿ ಗೀಜಗ ಗೂಡು ಕಟ್ಟುವುದನ್ನು ನೋಡುತ್ತ ಕೂತರು. ಅರ್ಧ ಕಟ್ಟಿದ ಗೂಡನ್ನು ಹೆಣ್ಣು ಬಂದು ನೋಡುವುದು, ಒಪ್ಪಿಗೆಯಾಗದಿದ್ದರೆ ಗಂಡು ಇನ್ನೊಂದಕ್ಕೆ ತೊಡಗುವುದು, ಎಲ್ಲವನ್ನೂ ಬರೆದಿಟ್ಟರು. ಅವರಿಗೆ ಹೆಸರು ತಂದದ್ದು ಆ ಬರಹವೇ. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. 1941ರಲ್ಲಿ ಸೊಸೈಟಿ ಅವರ ಭಾರತೀಯ ಹಕ್ಕಿಗಳ ಪುಸ್ತಕ ತಂದಿತು. ಸಾಹೇಬರ ಕಪಾಟಿನಲ್ಲಿದ್ದ ಬಣ್ಣದ ಹಕ್ಕಿ ಸಾಮಾನ್ಯರ ಕೈಗೆ ಬಂದದ್ದು ಆಗ. 2002ರ ಹೊತ್ತಿಗೆ ಅದು 13ನೆಯ ಆವೃತ್ತಿ ಕಂಡಿತ್ತು.

ಹೊರದೇಶದ ಒಂದು ಕಥೆಯನ್ನೂ ಸೇರಿಸದೆ ಇರಲಾರೆ. ಅಮೆರಿಕದ ಹಕ್ಕಿಗಳ ಚಿತ್ರಕಾರ ಆಡುಬಾನ್ ಊರಿಗೆ ಹೋಗುವಾಗ ಸುಮಾರು 200 ಚಿತ್ರಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬಂಧುವಿನ ಮನೆಯಲ್ಲಿ ಬಿಟ್ಟಿದ್ದ. ಕೆಲವು ತಿಂಗಳ ನಂತರ ತೆರೆದರೆ, ಜೋಡಿ ಇಲಿಗಳು ಚಿತ್ರಗಳನ್ನೆಲ್ಲ ಕಡಿದು ಹಾಸಿ ಮರಿ ಹಾಕಿದ್ದವು. ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ತಲೆ ಸಿಡಿಯುತ್ತಿತ್ತೆಂದು ಅವನೇ ಬರೆದಿದ್ದಾನೆ. ಆಮೇಲೆ ಬಂದೂಕು, ಪೆನ್ಸಿಲ್ ಹಿಡಿದು ಕಾಡಿಗೆ ಹೋದ. ಮೂರು ವರ್ಷದೊಳಗೆ ಪೆಟ್ಟಿಗೆ ಮತ್ತೆ ತುಂಬಿತು. ನನಗೆ ಹೆಚ್ಚು ಹಿಡಿಸಿದ್ದು ಇಲಿಯ ಕಥೆಯಲ್ಲ. ಅದಕ್ಕೂ ಮೊದಲು, ತನ್ನ ಹುಟ್ಟುಹಬ್ಬದ ದಿನ ಹಳೆಯ ಚಿತ್ರಗಳನ್ನು ತಾನೇ ಬೆಂಕಿಗೆ ಹಾಕುವ ರೂಢಿ ಅವನಿಗಿತ್ತಂತೆ. ಇಲಿ ಕಡಿದಾಗ ಅಳುವುದು, ತಾನೇ ಸುಡುವಾಗ ಹಬ್ಬ ಮಾಡುವುದು! ನನಗಂತೂ ಆ ಧೈರ್ಯವಿಲ್ಲ. ಬೂಷ್ಟು ಹಿಡಿದ ಫ್ಲೆಮಿಂಗೊ ಇನ್ನೂ ಕಪಾಟಿನ ಮೇಲೇ ಇದೆ.

ಹ್ಯೂಮ್ ಅವರನ್ನು ಗೋವಾಲಿಯಾ ಟ್ಯಾಂಕಿನಲ್ಲಿ ಬಿಟ್ಟು ಬಂದೆವಲ್ಲ. ಅವರು ಆಮೇಲೆ ಇಂಗ್ಲೆಂಡಿಗೆ ಮರಳಿದರು. ಹಕ್ಕಿಗಳ ಕಡೆಗೆ ತಿರುಗಿ ಹೋಗಲಿಲ್ಲ. ಮುಪ್ಪಿನಲ್ಲಿ ಗಿಡಗಳನ್ನು ಕಲಿಯತೊಡಗಿದರು, ಊರೂರು ಸುತ್ತಿ ಎಲೆ, ಹೂವು ಒಣಗಿಸಿ ಹಾಳೆಗೆ ಅಂಟಿಸಿದರು. 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಗಿಡಗಳ ಅಧ್ಯಯನಕ್ಕೆ ಒಂದು ಸಂಸ್ಥೆ ಕಟ್ಟಿ ತಮ್ಮ ಸಂಗ್ರಹವನ್ನೂ ಅದಕ್ಕೆ ಕೊಟ್ಟರು. ಆಗ ಅವರಿಗೆ 81 ವರ್ಷ. ಎರಡು ವರ್ಷದ ನಂತರ ತೀರಿಕೊಂಡರು. ಸಂಸ್ಥೆ ಉಳಿದುಕೊಂಡಿತು.